ಎಣ್ಣೆಯ ಖಾತೆ ಯಾರ ಹೆಸರಿನಲ್ಲಿ

ವರ್ನಾ ಲಶಾಮ್ ತನ್ನ ತರಗತಿಗೆ ಬಂದ ಸೈನಿಕರಿಗೆ ಮೊದಲು ಕೇಳುವುದು ಒಂದೇ ಪ್ರಶ್ನೆ.

"ಹೋದ ತಿಂಗಳು ನಿಮ್ಮ ಮನೆ ಬೆಚ್ಚಗಿಡೋಕೆ ಎಷ್ಟು ಖರ್ಚಾಯ್ತು?"

ಉತ್ತರ ಯಾರಿಗೂ ಗೊತ್ತಿರುವುದಿಲ್ಲ. ನ್ಯೂಯಾರ್ಕ್ ರಾಜ್ಯದ ಉತ್ತರದ ತುದಿಯಲ್ಲಿ, ಕೆನಡಾ ಗಡಿಗೆ ಹತ್ತಿರವಿರುವ ದಂಡು ಅದು. ಅಕ್ಟೋಬರ್‌ನಲ್ಲಿ ಹಚ್ಚಿದ, ಮನೆ ಬೆಚ್ಚಗಿಡುವ ಎಣ್ಣೆಯ ಬಾಯ್ಲರ್ ಮೇ ತಿಂಗಳವರೆಗೆ ಆರುವುದಿಲ್ಲ. ಪ್ರತಿ ಮಂಗಳವಾರ ಬೆಳಿಗ್ಗೆ, ಹೊಸದಾಗಿ ಬಂದ ಹುಡುಗರನ್ನು ಕುಟುಂಬ ನೆರವು ಕಚೇರಿಯ ಹಿಂದಿನ ಕೋಣೆಗೆ ಹಣದ ಪಾಠಕ್ಕೆ ಕಳಿಸುತ್ತಾರೆ. ಆಜ್ಞೆಯಾಗಿದೆ ಎಂದು ಬಂದವರೇ ಎಲ್ಲ, ಇಷ್ಟಪಟ್ಟು ಬಂದವರಿಲ್ಲ. ಹಿಮದಲ್ಲಿ ಓಡಿ, ಹೊಟ್ಟೆ ತುಂಬ ತಿಂದು, ಬೆಚ್ಚಗಿನ ಕೋಣೆಯಲ್ಲಿ ಕೂತ ಹತ್ತೊಂಬತ್ತು ಇಪ್ಪತ್ತರ ಹುಡುಗರಿಗೆ ಕಣ್ಣು ಎಳೆಯುತ್ತದೆ. ವರ್ನಾ ಅದಕ್ಕೆ ಸಿಟ್ಟಾಗುವುದಿಲ್ಲ. ತೂಕಡಿಸುವವನ ಮುಂದೆ ಕಾರಿನ ಸಾಲದ ಒಂದು ಕರಾರು ಪತ್ರ ಇಟ್ಟು, ಕೈಗೆ ಪೆನ್ನು ತುರುಕಿ, "ಇಲ್ಲೊಂದು ಸಹಿ ಹಾಕಪ್ಪ" ಎನ್ನುತ್ತಾಳೆ. ಬಹಳಷ್ಟು ಜನ ಕಣ್ಣುಜ್ಜಿಕೊಂಡು ಹಾಕಿಬಿಡುತ್ತಾರೆ.

"ಇಪ್ಪತ್ತಾರು ಪರ್ಸೆಂಟ್ ಬಡ್ಡಿ" ಎಂದು ಆಕೆ ಗಟ್ಟಿಯಾಗಿ ಓದುತ್ತಾಳೆ. "ಆರು ವರ್ಷದ ಕಂತು. ಕಾರು ಗುಜರಿಗೆ ಹೋಗಿರುತ್ತೆ, ನೀನಿನ್ನೂ ಕಟ್ತಾ ಇರ್ತೀಯ. ದಂಡಿನ ಗೇಟಿನ ಎದುರಿಗೇ ಅಷ್ಟೊಂದು ಕಾರಿನ ಅಂಗಡಿ ಯಾಕಿದೆ ಅಂತ ಈಗ ಗೊತ್ತಾಯ್ತಾ?"

ನಗು ಏಳುತ್ತದೆ, ನಿದ್ದೆ ಹಾರುತ್ತದೆ. ಯಾರಾದರೊಬ್ಬ ತಿರುಗಿ ಕೇಳಿಯೇ ಕೇಳುತ್ತಾನೆ: "ನಿಮ್ಮನೇದು ಎಷ್ಟಾಯ್ತು ಮೇಡಂ, ಹೋದ ತಿಂಗಳು?"

ಆಕೆ ಕಾಯುವುದು ಆ ಪ್ರಶ್ನೆಗೇ. ಎಷ್ಟು ಗ್ಯಾಲನ್ ಎಣ್ಣೆ, ಗ್ಯಾಲನ್ನಿಗೆ ಎಷ್ಟು ದರ, ಒಟ್ಟು ಎಷ್ಟು ಡಾಲರು, ಮೇಲೆ ಎಷ್ಟು ಸೆಂಟು ಎಂದು ಮಗ್ಗಿ ಒಪ್ಪಿಸುವಂತೆ ಹೇಳುತ್ತಾಳೆ. ಮೂವತ್ತು ವರ್ಷದಿಂದ ಆ ಲೆಕ್ಕ ತಪ್ಪಿದ್ದಿಲ್ಲ.

ಅದಕ್ಕೂ ಹಿಂದೆ ಆಕೆಗೂ ಏನೂ ಗೊತ್ತಿರಲಿಲ್ಲ. ಕಾಗದದ ಕಾರ್ಖಾನೆಯ ಊರಿನಲ್ಲಿ, ಬ್ಲ್ಯಾಕ್ ನದಿಯ ದಂಡೆಯಲ್ಲಿ ಹುಟ್ಟಿ ಬೆಳೆದವಳು ಆಕೆ. ಗಂಡ ಮರ್ಲ್ ಪಕ್ಕದ ಊರಿನ ಹೈನುಗಾರರ ಮಗ. ಹಸುಗಳಿಗಿಂತ ಸೈನ್ಯ ವಾಸಿ ಎಂದು ಸೇರಿದವನು. ಮನೆಯ ಬಿಲ್ಲುಗಳೆಲ್ಲ ಮರ್ಲ್‌ನ ಹೆಸರಿನಲ್ಲಿದ್ದವು. ಅವನು ತಿಂಗಳಿಗೊಮ್ಮೆ ಅಡುಗೆ ಮನೆಯ ಮೇಜಿನ ಮುಂದೆ ಕೂತು ಚೆಕ್ಕು ಬರೆಯುತ್ತಿದ್ದ. ವರ್ನಾ ಅಂಚೆಚೀಟಿ ಅಂಟಿಸುತ್ತಿದ್ದಳು. ಅವಳ ಪಾಲಿನ ಹಣಕಾಸು ಅಷ್ಟೇ.

ಮರ್ಲ್‌ನನ್ನು ಸೊಮಾಲಿಯಾಕ್ಕೆ ಕಳಿಸಿದ ಚಳಿಗಾಲದಲ್ಲಿ, ಮಗಳು ಕ್ಯಾರಿ ಇನ್ನೂ ತೊಟ್ಟಿಲಲ್ಲಿದ್ದಾಗ, ಬಿಲ್ಲು ಕಟ್ಟದೆ ಮನೆಯ ವಿದ್ಯುತ್ತು ಹೋಯಿತು. ಬಾಯ್ಲರ್‌ನಲ್ಲಿ ಎಣ್ಣೆಯಿತ್ತು, ಆದರೆ ಅದನ್ನು ಹೊತ್ತಿಸಲು ವಿದ್ಯುತ್ತು ಬೇಕು. ವರ್ನಾ ವಿದ್ಯುತ್ ಕಂಪನಿಗೆ ಫೋನ್ ಮಾಡಿದಳು.

"ಖಾತೆದಾರರು ನೀವೇನಾ?" ಎಂದಳು ಅತ್ತ ಕಡೆಯ ಹುಡುಗಿ.

"ನನ್ನ ಗಂಡ."

"ಅವರಿಗೆ ಫೋನ್ ಕೊಡಿ."

"ಅವನು ಆಫ್ರಿಕಾದಲ್ಲಿದಾನೆ."

"ಕ್ಷಮಿಸಿ ಅಮ್ಮ, ನಾವು ಖಾತೆದಾರರ ಹತ್ತಿರ ಮಾತ್ರ ಮಾತಾಡೋದು."

"ದುಡ್ಡು ಕೈಯಲ್ಲಿ ಹಿಡ್ಕೊಂಡು ನಿಂತಿದೀನಿ. ಎಷ್ಟು ಕಟ್ಟಬೇಕು ಅಂತ ಹೇಳಿ ಸಾಕು."

"ಅದನ್ನೂ ಖಾತೆದಾರರಿಗೇ ಹೇಳೋದು."

ವರ್ನಾ ಮಗುವನ್ನು ಕೋಟಿನೊಳಗೆ ಕಟ್ಟಿಕೊಂಡು ನೆರೆಮನೆಗೆ ಹೋದಳು. ನೆರೆಯವರು ಬಾಗಿಲು ತೆರೆದರು, ಸಾರು ಕೊಟ್ಟರು, ಸೋಫಾದ ಮೇಲೆ ಹಾಸಿಗೆ ಹಾಸಿದರು. ಆಮೇಲೆ ಎಲ್ಲ ಸರಿಹೋಯಿತು. ಆದರೆ ಇನ್ನೊಬ್ಬರ ಸೋಫಾದ ಮೇಲೆ ಮಲಗಿ ಸೂರು ನೋಡುತ್ತಿದ್ದ ಆ ಹೆಣ್ಣು ಮತ್ತೆ ಆ ಗತಿಗೆ ಬರಬಾರದು ಎಂದು ತೀರ್ಮಾನಿಸಿಬಿಟ್ಟಿದ್ದಳು. ಮರ್ಲ್ ವಾಪಸು ಬಂದ ವಾರವೇ ಅವನನ್ನು ಕರೆದುಕೊಂಡು ಊರೆಲ್ಲ ಸುತ್ತಿ ವಿದ್ಯುತ್ತು, ಎಣ್ಣೆ, ಫೋನು, ವಿಮೆ ಎಲ್ಲವನ್ನೂ ತನ್ನ ಹೆಸರಿಗೆ ಮಾಡಿಸಿಕೊಂಡಳು. ಮರ್ಲ್ ನಗುತ್ತ ಸಹಿ ಹಾಕಿದ. "ನನ್ನ ಹೆಸರಲ್ಲಿ ಇನ್ನು ಏನಿದೆ, ಬೂಟು ಮಾತ್ರ" ಎಂದ.

ಅಕ್ಕಪಕ್ಕದ ಸೈನಿಕರ ಹೆಂಡತಿಯರು ವರ್ನಾಳನ್ನು ಕೇಳಿಕೊಂಡು ಬರತೊಡಗಿದರು. ಕೆಲವು ವರ್ಷಗಳಲ್ಲಿ ದಂಡಿನ ಕಚೇರಿ ಆಕೆಗೆ ಕೆಲಸ ಕೊಟ್ಟಿತು. ಮಂಗಳವಾರ ಹುಡುಗರ ತರಗತಿ, ಗುರುವಾರ ಯುದ್ಧಕ್ಕೆ ಹೊರಟವರ ಹೆಂಡತಿಯರ ತರಗತಿ. ಗುರುವಾರದ ತರಗತಿಗೆ ಆಕೆ ಒಂದು ಪದ್ಧತಿ ತಂದಳು. ಗಂಡ ಹೊರಡುವ ಹಿಂದಿನ ತಿಂಗಳು ಮನೆಯ ಹಣವನ್ನೆಲ್ಲ ಹೆಂಡತಿಯೇ ನಡೆಸಬೇಕು. ಗಂಡ ಅದೇ ಮನೆಯಲ್ಲಿ, ಅದೇ ಸೋಫಾದ ಮೇಲೆ ಇರುತ್ತಾನೆ, ಆದರೆ ಬಾಯಿ ಬಿಡುವಂತಿಲ್ಲ. ಅವಳು ತಪ್ಪು ಮಾಡುತ್ತಿರುವುದು ಕಂಡರೂ ಸುಮ್ಮನಿರಬೇಕು. ದಂಡಿನಲ್ಲಿ ಅದಕ್ಕೆ "ಬಾಯಿ ಹೊಲಿದ ತಿಂಗಳು" ಎಂದೇ ಹೆಸರು ಬಿತ್ತು. ಸಾರ್ಜೆಂಟರು ಒಬ್ಬರನ್ನೊಬ್ಬರು ಕಿಚಾಯಿಸುತ್ತಿದ್ದರು: "ಏನೋ, ವರ್ನಾ ಹೊಲಿಗೆ ಹಾಕಿದ್ಲಾ?" ಆದರೆ ಆಕೆಯ ತರಗತಿಗೆ ಬಂದವರ ಮನೆಯಲ್ಲಿ ಚಳಿಗಾಲದಲ್ಲಿ ದೀಪ ಆರಿದ್ದು ಕಡಿಮೆ.

ಮರ್ಲ್ ಮತ್ತೆ ಮತ್ತೆ ಹೋದ. ಹೈಟಿ, ಬೋಸ್ನಿಯಾ, ಆಫ್ಘಾನಿಸ್ತಾನ, ಇರಾಕ್, ಮತ್ತೆ ಆಫ್ಘಾನಿಸ್ತಾನ. ಅವನಿಲ್ಲದಾಗ ಸಂಬಳಕ್ಕೆ ಯುದ್ಧದ ಭತ್ಯೆ ಸೇರುತ್ತಿತ್ತು, ಬಂದಾಗ ಕಳೆಯುತ್ತಿತ್ತು. ಆ ಹೆಚ್ಚಿನ ಹಣವನ್ನು ವರ್ನಾ ಒಂದು ಸಲವೂ ಮನೆಖರ್ಚಿಗೆ ಮುಟ್ಟಲಿಲ್ಲ. ಅದರಲ್ಲೇ ಮನೆಯ ಸಾಲ ತೀರಿತು, ಮಗಳ ಓದು ಮುಗಿಯಿತು. ಫೋನಿನಲ್ಲೇ ಎಲ್ಲ ಕಟ್ಟುವ ಕಾಲ ಬಂದಾಗ, ಬಿಲ್ಲುಗಳನ್ನೆಲ್ಲ ತಾನಾಗಿ ಪಾವತಿಯಾಗುವಂತೆ ಮಾಡಿದಳು. ಎಣ್ಣೆಯ ಲಾರಿಯೂ ಹೇಳದೆಯೇ ಬಂದು ತುಂಬಿಸಿ ಹೋಗುತ್ತಿತ್ತು. ಕೀಲಿ ಕೊಟ್ಟ ಗಡಿಯಾರದಂತೆ ಮನೆ ನಡೆಯಿತು.

ಅಂಥ ಮನೆಗೆ ಮರ್ಲ್ ನಿವೃತ್ತನಾಗಿ ಬಂದ.

"ನಾನೇನು ಮಾಡ್ಲಿ?" ಎಂದು ಕೇಳಿದ, ಮೊದಲ ವಾರ.

"ನೀನು ಸಾಕಷ್ಟು ಮಾಡಿದೀಯ. ಕೂತ್ಕೋ" ಎಂದಳು ವರ್ನಾ. ಪ್ರೀತಿಯಿಂದಲೇ ಹೇಳಿದ್ದಳು.

ಮರ್ಲ್ ಕೂತ. ಕೂತು ಅಭ್ಯಾಸವಿಲ್ಲದವನಾದ್ದರಿಂದ ಗ್ಯಾರೇಜಿಗೆ ಹೋದ. ಹುಲ್ಲು ಕೊಯ್ಯುವ ಯಂತ್ರ ನೆಟ್ಟಗಿದ್ದರೂ ಅದನ್ನು ಬಿಚ್ಚಿ ಜೋಡಿಸಿದ. ಒಂದು ದಿನ ವರ್ನಾ ಕೆಲಸಕ್ಕೆ ಹೋಗಿದ್ದಾಗ ಬಾಯ್ಲರ್ ವಿಚಿತ್ರವಾಗಿ ಸದ್ದು ಮಾಡಿತು. ಅವನು ಎಣ್ಣೆ ಕಂಪನಿಗೆ ಫೋನ್ ಮಾಡಿದ. ಸಂಜೆ ಊಟಕ್ಕೆ ಕೂತಾಗ ತಮಾಷೆಯೆಂಬಂತೆ ಹೇಳಿದ.

"ಅವಳೇನಂದ್ಲು ಗೊತ್ತಾ? 'ಈ ಖಾತೇಲಿ ನಿಮ್ಮ ಹೆಸರಿಲ್ಲ ಸಾರ್, ಖಾತೆದಾರರ ಹತ್ತಿರ ಮಾತ್ರ ಮಾತಾಡೋದು.'"

ವರ್ನಾ ನಕ್ಕಳು. "ನಾಳೆ ನಾನು ಮಾಡ್ತೀನಿ ಬಿಡು" ಎಂದಳು. ಮರುದಿನ ಮಾಡಿದಳು, ಬಾಯ್ಲರ್ ಸರಿಹೋಯಿತು. ಮರ್ಲ್ ಆಮೇಲೆ ಯಾವ ಕಂಪನಿಗೂ ಫೋನ್ ಮಾಡಲಿಲ್ಲ.

ಬೇಟೆಯ ಕಾಲ ಬಂದಾಗ, ಕ್ರ್ಯಾನ್‌ಬೆರಿ ಸರೋವರದ ಹತ್ತಿರ ಅವನ ಅಪ್ಪ ಬಿಟ್ಟುಹೋಗಿದ್ದ ಒಂದು ಕೋಣೆಯ ಮರದ ಮನೆಗೆ ಹೋದ. ಜಿಂಕೆ ಬೇಟೆ ಮುಗಿದ ಮೇಲೆ ಮೀನು ಎಂದ. ಮೀನು ಮುಗಿದ ಮೇಲೆ ಚಾವಣಿ ರಿಪೇರಿ ಎಂದ. ಜಗಳವಿಲ್ಲ, ಕೋರ್ಟಿಲ್ಲ. ಪಿಂಚಣಿ ಮೊದಲಿನಂತೆ ಇಬ್ಬರ ಜಂಟಿ ಖಾತೆಗೇ ಬರುತ್ತದೆ. ಅದರಿಂದ ಅವನು ಒಂದು ಡಾಲರೂ ತೆಗೆಯುವುದಿಲ್ಲ. ಅಲ್ಲಿನವರ ಹಿಮಗಾಡಿಗಳ ಯಂತ್ರ ಸರಿಮಾಡಿಕೊಟ್ಟು ಸಿಗುವ ನಗದಿನಲ್ಲೇ ಬದುಕುತ್ತಾನೆ. ಭಾನುವಾರ ಸರೋವರದ ಅಂಗಡಿಯಿಂದ ಫೋನ್ ಮಾಡುತ್ತಾನೆ. ಇಬ್ಬರೂ ಹವಾಮಾನದ ಬಗ್ಗೆ ಮಾತಾಡುತ್ತಾರೆ. ಹೀಗೆ ಆರನೆಯ ಚಳಿಗಾಲ.

ಅವನು ಮನೆಗೆ ಬರಲಿ ಎಂದು ವರ್ನಾ ಯಾರ ಎದುರೂ ಹೇಳಿದವಳಲ್ಲ. ಮಲಗುವ ಮುನ್ನ ಗ್ಯಾರೇಜಿನ ದೀಪ ಆರಿಸಲು ಹೋಗಿ, ಅದು ಹೊತ್ತಿಯೇ ಇಲ್ಲವೆಂದು ಕಂಡು ವಾಪಸು ಬರುವುದು ಮಾತ್ರ ನಿಂತಿಲ್ಲ.

ಈ ಜನವರಿಯಲ್ಲಿ ಮಾರಿಸೋಲ್ ಕಿಂಟಾನಾ ಕಚೇರಿಗೆ ಬಂದಳು. ಬಿಸಿಲಿನ ದ್ವೀಪ ಪೋರ್ಟೊರಿಕೋದ ಹುಡುಗಿ, ಈ ದಂಡಿಗೆ ಬರುವ ಮೊದಲು ಹಿಮವನ್ನು ಮುಟ್ಟಿದವಳಲ್ಲ. ಗಂಡ ಎಲಿಯಾಸ್ ಒಂಬತ್ತು ತಿಂಗಳಿಂದ ಹೊರದೇಶದಲ್ಲಿದ್ದ. ಗುರುವಾರದ ತರಗತಿಯಲ್ಲಿ ಅವಳಷ್ಟು ಚುರುಕಾದವರು ಇರಲಿಲ್ಲ. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಫೋನು ಹಿಡಿದು ಮೇಜಿನ ಮುಂದೆ ಕೂತಳು.

"ನೋಡಿ ಇಲ್ಲಿ. ಬಾಡಿಗೆ, ಕರೆಂಟು, ಇಂಟರ್ನೆಟ್ಟು, ಕಾರಿನ ಕಂತು, ಎಲ್ಲಾ ತಾನೇ ಹೋಗುತ್ತೆ. ಎಲಿಯಾಸ್ ಶುಕ್ರವಾರ ಬರ್ತಾನೆ. ಬಂದೋನು ಒಂದು ಕಡ್ಡೀನೂ ಎತ್ತಿಡಬೇಕಾಗಿಲ್ಲ."

ವರ್ನಾ ಫೋನು ತೆಗೆದುಕೊಂಡು ನೋಡಿದಳು. ಯಾವುದೂ ತಪ್ಪಿರಲಿಲ್ಲ. ತಾನೇ ಕಲಿಸಿದ್ದು, ತನಗಿಂತ ಚೆನ್ನಾಗಿ ಮಾಡಿದ್ದಳು.

"ಅವನೇನು ಮಾಡ್ತಾನೆ ಹಂಗಾದ್ರೆ?"

"ಕಾಲು ಚಾಚ್ಕೊಂಡು ಕೂರ್ಲಿ. ಸಾಕಷ್ಟು ಮಾಡಿದಾನೆ."

ವರ್ನಾ ಫೋನನ್ನು ಮೇಜಿನ ಮೇಲಿಟ್ಟಳು. ಹೊರಗೆ ಹಿಮ ತಳ್ಳುವ ಗಾಡಿ ಹಿಂದೆ ಮುಂದೆ ಓಡಾಡುತ್ತಿತ್ತು.

"ಒಂದನ್ನ ಬಿಡಿಸು. ಇಂಟರ್ನೆಟ್ ಬಿಲ್ಲು ಅವನ ಹೆಸರಿಗೆ ಮಾಡು, ಅವನೇ ಕಟ್ಲಿ."

"ಅಯ್ಯೋ, ಅವನು ಮರೀತಾನೆ. ನಿಮಗೆ ಗೊತ್ತಿಲ್ಲ ಅವನ ಬುದ್ಧಿ."

"ಮರೀಲಿ."

"ಏನು ವರ್ನಾಮ್ಮ, ಒಂದು ಬಿಲ್ಲೂ ತಪ್ಪಬಾರದು ಅಂತ ವರ್ಷಪೂರ್ತಿ ತಲೆ ತಿಂದೋರು ನೀವೇ ಅಲ್ವಾ?"

"ಹೌದು, ನಾನೇ. ಅರ್ಧ ಪಾಠ ಹೇಳಿಕೊಟ್ಟಿದ್ದೆ."

"ಇನ್ನರ್ಧ ಏನು?"

ವರ್ನಾ ತರಗತಿಯಲ್ಲಿ ಇದನ್ನು ಎಂದೂ ಹೇಳಿದವಳಲ್ಲ. "ಇಂಟರ್ನೆಟ್ ಹೋದಾಗ 'ಎಲಿಯಾಸ್, ಏನಾಯ್ತು ನೋಡು' ಅಂತ ನೀನು ಕೂಗಬೇಕು. ಅವನು ಎದ್ದು ಬರಬೇಕು. ಅಷ್ಟೇ."

"ನಿಮ್ಮನೇಲಿ ಯಾವ ಬಿಲ್ಲು ಬಿಟ್ಟಿದೀರಿ, ನಿಮ್ಮ ಯಜಮಾನ್ರಿಗೆ?"

ಮಾರಿಸೋಲ್ ಮುಗ್ಧವಾಗಿ ಕೇಳಿದ್ದಳು. ಆ ಮನೆಯ ಸಂಗತಿ ಅವಳಿಗೆ ಗೊತ್ತಿರಲಿಲ್ಲ. ವರ್ನಾ ಮಗುವಿನ ಟೋಪಿ ಸರಿಮಾಡಿ, ಹೊತ್ತಾಯಿತು, ರಸ್ತೆ ಮುಚ್ಚುವ ಮೊದಲು ಹೊರಡು ಎಂದಳು.

ಮಧ್ಯಾಹ್ನ ಆಕೆ ಎಣ್ಣೆ ಕಂಪನಿಯ ಕಚೇರಿಗೆ ಹೋದಳು. ಕೌಂಟರಿನ ಕಿಟಕಿಯಲ್ಲಿದ್ದವಳಿಗೆ ವರ್ನಾ ಚೆನ್ನಾಗಿ ಗೊತ್ತು.

"ನನ್ನ ಖಾತೆ ಮುಚ್ಚಬೇಕು."

"ಬೇರೆ ಕಂಪನಿಗೆ ಹೋಗ್ತಿದೀರಾ?"

"ಇಲ್ಲ. ನನ್ನ ಗಂಡನ ಹೆಸರಲ್ಲಿ ತೆರೀಬೇಕು."

"ಹಂಗಾದ್ರೆ ಅವರೇ ಬಂದು ಸಹಿ ಹಾಕ್ಬೇಕು. ಅಲ್ಲೀವರೆಗೂ ನಿಮ್ಮನೆಗೆ ಲಾರಿ ಬರಲ್ಲ, ನೋಡಿ. ಜನವರಿ ಇದು."

"ಗೊತ್ತು."

"ನಿಮ್ಮ ಹೆಸರೂ ಜೊತೆಗಿರ್ಲಿ ಬಿಡಿ, ತೊಂದರೆ ಬೇಡ."

"ಬೇಡ. ಅವನದೊಂದೇ."

ಭಾನುವಾರ ಮರ್ಲ್ ಫೋನ್ ಮಾಡಿದಾಗ ಆಕೆ ಹವಾಮಾನದ ಮಾತು ಎತ್ತಲಿಲ್ಲ.

"ಎಣ್ಣೆ ಖಾತೆ ಮುಚ್ಚಿದೆ."

"ಯಾಕೆ, ದರ ಏರಿಸಿದ್ರಾ?"

"ಇಲ್ಲ. ನಿನ್ನ ಹೆಸರಲ್ಲಿ ತೆರೀಬೇಕು ಅಂತ. ನೀನೇ ಹೋಗಿ ಸಹಿ ಹಾಕ್ಬೇಕಂತೆ."

ಅಂಗಡಿಯ ಬಾಗಿಲ ಗಂಟೆ ಅತ್ತ ಕಡೆ ಸದ್ದು ಮಾಡಿತು. ಯಾರೋ ಬೂಟಿನ ಹಿಮ ಕೊಡವಿಕೊಂಡರು.

"ಟ್ಯಾಂಕಿನಲ್ಲಿ ಎಷ್ಟಿದೆ?" ಎಂದ ಮರ್ಲ್.

"ಕಾಲು ಭಾಗ."

"ಜನವರೀಲಿ ಇಂಥ ಆಟ ಆಡ್ತಾರೇನೇ? ನೀರು ಹೆಪ್ಪುಗಟ್ಟಿ ಪೈಪು ಒಡೆದು ಹೋಗುತ್ತೆ."

"ಹೋಗ್ಬೋದು."

"ತಲೆ ನೆಟ್ಟಗಿದ್ಯಾ ನಿಂಗೆ? ನೀನೊಂದು ಫೋನ್ ಮಾಡಿದ್ರೆ ಮುಗೀತಲ್ಲ."

"ನಾನು ಮಾಡಿದ್ರೆ ಮುಗೀತು. ಅದಕ್ಕೇ ಮಾಡಲ್ಲ."

"ಇಲ್ಲಿ ಫೋನಿಗೆ ಜನ ಕಾಯ್ತಿದಾರೆ" ಎಂದು ಮರ್ಲ್ ಫೋನ್ ಇಟ್ಟುಬಿಟ್ಟ.

ವರ್ನಾ ಮಹಡಿಯ ಕೋಣೆಗಳ ಬಾಗಿಲು ಮುಚ್ಚಿ ಶಾಖವನ್ನು ಇಳಿಸಿದಳು. ಮನೆಯೊಳಗೆ ಕೋಟು ಹಾಕಿಕೊಂಡೇ ಓಡಾಡಿದಳು. ನೆಲಮಾಳಿಗೆಗೆ ಇಳಿದು ಟ್ಯಾಂಕಿನ ಮೇಲಿನ ಗಾಜಿನ ಕೊಳವೆ ನೋಡುವುದು ಬೆಳಿಗ್ಗೆ ಸಂಜೆಯ ಕೆಲಸವಾಯಿತು. ಅದರೊಳಗೆ ಒಂದು ಕೆಂಪು ಬಿಲ್ಲೆ. ಎಣ್ಣೆ ಇಳಿದಂತೆ ಅದೂ ಇಳಿಯುತ್ತದೆ. ಸಾಲ ಮಾಡಿ ಸೋತು ಬಂದ ಹುಡುಗರಿಗೆ ಆಕೆ ಸದಾ ಹೇಳುತ್ತಿದ್ದುದು, ಮನೆಯನ್ನು ಪಣಕ್ಕಿಟ್ಟು ಜೂಜಾಡಬೇಡಿ ಎಂದು. ಈಗ ತಾನೇ ಆಡುತ್ತಿದ್ದಳು. ಕಂಪನಿಯ ನಂಬರು ಬಾಯಿಗೆ ಬರುತ್ತಿತ್ತು. ಊರಿನಲ್ಲಿ ಬೇರೆ ಎಣ್ಣೆ ಕಂಪನಿಗಳೂ ಇದ್ದವು. ಯಾರನ್ನು ಕೇಳಿದರೂ ಒಂದು ಗಂಟೆಯಲ್ಲಿ ಲಾರಿ ಬರುತ್ತಿತ್ತು.

ಮುಂದಿನ ಭಾನುವಾರ ಫೋನ್ ಬರಲಿಲ್ಲ.

ಅಂದು ಸಂಜೆ ಆಕೆ ಫೋನಿನ ಹತ್ತಿರವೇ ಕೂತಿದ್ದಳು. ಆರು ವರ್ಷದಲ್ಲಿ ತಪ್ಪದೆ ಬಂದಿದ್ದ ಒಂದೇ ಮಾತು ಅದು. ಹಿಮ ಎಷ್ಟು ಬಿತ್ತು, ಗಾಳಿ ಯಾವ ಕಡೆಯದು ಎಂಬಷ್ಟೇ ಆದರೂ ಅದೂ ಒಂದು ದನಿಯಾಗಿತ್ತು. ಈಗ ಅದನ್ನೂ ಕೈಯಾರೆ ಕಳೆದುಕೊಂಡೆನೇನೋ ಎನ್ನಿಸಿತು. ನಲ್ಲಿಗಳ ನೀರು ಹೆಪ್ಪುಗಟ್ಟದಿರಲೆಂದು ಎಲ್ಲವನ್ನೂ ಸಣ್ಣಗೆ ತೊಟ್ಟಿಕ್ಕಲು ಬಿಟ್ಟಳು. ಮನೆ ತುಂಬ ಅದೊಂದೇ ಸದ್ದು. ಅರಿಜೋನಾದಲ್ಲಿರುವ ಮಗಳಿಗೆ ಫೋನ್ ಮಾಡೋಣವೆಂದುಕೊಂಡು, ಏನೆಂದು ಹೇಳುವುದು ಎಂದು ತೋಚದೆ ಬಿಟ್ಟಳು.

ನಡುವೆ ಮಾರಿಸೋಲ್ ಕಚೇರಿಗೆ ಫೋನ್ ಮಾಡಿ ಬೈದಳು. ಎಲಿಯಾಸ್ ನಿಜಕ್ಕೂ ಮರೆತಿದ್ದ, ಇಂಟರ್ನೆಟ್ ಹೋಗಿತ್ತು. "ನಿಮ್ಮ ಪಾಠ ಕಟ್ಕೊಂಡು ಎರಡು ದಿನ ವಿಡಿಯೋ ಕಾಲಲ್ಲಿ ಅಮ್ಮನ ಮುಖ ನೋಡೋಕಾಗಲಿಲ್ಲ. ಅವನೇನೋ ಕಂಪನಿಯೋನ ಹತ್ರ ಜಗಳ ಆಡಿ ದಂಡ ಮಾಫಿ ಮಾಡಿಸ್ಕೊಂಡ. ಆವಾಗಿಂದ ಅದೇ ಕಥೆ, ಬಂದೋರಿಗೆಲ್ಲ ಹೇಳ್ತಾನೆ. ತಲೆನೋವು" ಎಂದಳು. ದನಿಯಲ್ಲಿ ನಗು ಇತ್ತು.

"ಒಳ್ಳೇದಾಯ್ತು" ಎಂದಳು ವರ್ನಾ. ಕಚೇರಿಯಲ್ಲೂ ಆಕೆ ಅಂದು ಕೋಟು ತೆಗೆದಿರಲಿಲ್ಲ.

ಕೆಂಪು ಬಿಲ್ಲೆ ತಳ ಮುಟ್ಟಿದ ದಿನ ಆಕೆ ಕೆಲಸಕ್ಕೆ ರಜೆ ಹಾಕಿ ಮನೆಯಲ್ಲೇ ಉಳಿದಳು. ಬಾಯ್ಲರ್ ಇನ್ನೂ ಉರಿಯುತ್ತಿತ್ತು, ಆದರೆ ಯಾವ ಗಳಿಗೆಯಲ್ಲಾದರೂ ನಿಲ್ಲಬಹುದಿತ್ತು. ಮಧ್ಯಾಹ್ನ ಊಟವಾದ ಮೇಲೆ ಅಂಗಳದಲ್ಲಿ ಲಾರಿಯ ಸದ್ದಾಯಿತು. ವರ್ನಾ ಬಾಗಿಲಿಗೆ ಹೋದಳು. ಕಿಟಕಿಯಿಂದ ಮೊದಲು ನೋಡಿದ್ದು ಲಾರಿಯ ಹಿಂದೆ ಇನ್ನೊಂದು ಗಾಡಿ ಇದೆಯೇ ಎಂದು. ಇರಲಿಲ್ಲ.

ಚಾಲಕ ಓರಿನ್ ವರ್ಷಗಳಿಂದ ಈ ಮನೆಗೆ ಎಣ್ಣೆ ತರುವವನು. ಲಾರಿಯ ಕೊಳವೆ ಎಳೆದು ಗೋಡೆಯಲ್ಲಿದ್ದ ಎಣ್ಣೆ ತುಂಬುವ ಬಾಯಿಗೆ ಜೋಡಿಸಿದ.

"ಯಾರು ಹೇಳಿದ್ದು?" ಎಂದಳು ವರ್ನಾ.

"ಮರ್ಲ್. ಬೆಳಿಗ್ಗೆ ಆಫೀಸ್ ಬಾಗಿಲು ತೆಗೆಯೋ ಮುಂಚೇನೆ ಬಂದು ನಿಂತಿದ್ರು. ಖಾತೆ ತೆರೆದು, ನಗದು ಎಣಿಸಿಕೊಟ್ಟು ಹೋದ್ರು."

ಸರೋವರದಿಂದ ಊರಿಗೆ ಹಿಮದಲ್ಲಿ ಎರಡು ಗಂಟೆಯ ದಾರಿ. ಕಂಪನಿಯ ಕಚೇರಿಯಿಂದ ಈ ಮನೆಗೆ ಹತ್ತು ನಿಮಿಷ.

"ಎಲ್ಲಿಗೆ ಹೋದ?"

"ವಾಪಸ್ ಹೋದ್ರು ಅನ್ಸುತ್ತೆ. ಯಾವನದೋ ಹಿಮಗಾಡಿ ಇವತ್ತೇ ಕೊಡ್ಬೇಕು ಅಂತಿದ್ರು." ಓರಿನ್ ಆಕೆಯ ಮುಖ ನೋಡಲಿಲ್ಲ. ಕೊಳವೆಯನ್ನೇ ನೋಡುತ್ತ ನಿಂತ. ಸ್ವಲ್ಪ ಹೊತ್ತಿಗೆ ಪಂಪು ನಿಲ್ಲಿಸಿದ.

"ಆಗಲೇ ತುಂಬ್ತಾ?"

"ಇಲ್ಲ, ಅರ್ಧ ಟ್ಯಾಂಕು. ಅಷ್ಟೇ ಸಾಕು ಅಂದ್ರು."

"ಅರ್ಧ ತಗೊಂಡ್ರೆ ಗ್ಯಾಲನ್ನಿಗೆ ದರ ಜಾಸ್ತಿ ಹಾಕ್ತೀರಲ್ಲ ನೀವು."

"ಹಾಕ್ತೀವಿ. ಕಿಟಕೀಲಿ ಅವಳೂ ಹೇಳಿದ್ಲಂತೆ. 'ಫೆಬ್ರವರಿ ಕೊನೇಲಿ ಮತ್ತೆ ನಾನೇ ಬಂದು ಮಿಕ್ಕಿದ್ದು ಹಾಕಿಸ್ತೀನಿ' ಅಂದ್ರಂತೆ."

ಇದಕ್ಕಿಂತ ಕೆಟ್ಟ ಲೆಕ್ಕ ಇನ್ನೊಂದಿಲ್ಲ. ನಡುಚಳಿಗಾಲದ ದರದಲ್ಲಿ, ಎರಡು ಕಂತಿನಲ್ಲಿ, ನಗದು ಕೊಟ್ಟು ಎಣ್ಣೆ ಕೊಳ್ಳುವವನನ್ನು ತರಗತಿಯಲ್ಲಿ ನಿಲ್ಲಿಸಿ ಎಲ್ಲರ ಮುಂದೆ ನಗೆಪಾಟಲು ಮಾಡಿರುತ್ತಿದ್ದಳು. ವರ್ನಾ ಕೈ ಚಾಚಿದಳು.

"ಬಿಲ್ಲು ಕೊಡು."

ಓರಿನ್ ಕೈಗವಸು ತೆಗೆದು ಮತ್ತೆ ಹಾಕಿಕೊಂಡ. "ಬೇಜಾರು ಮಾಡ್ಕೋಬೇಡಿ. ಖಾತೆ ಈಗ ನಿಮ್ಮ ಹೆಸರಲ್ಲಿಲ್ಲ. ಬಿಲ್ಲು ಸರೋವರದ ವಿಳಾಸಕ್ಕೆ ಹೋಗುತ್ತೆ."

"ಎಷ್ಟಾಯ್ತು ಅಂತ ಹೇಳು ಸಾಕು."

"ಅದನ್ನೂ ಹೇಳೋ ಹಾಗಿಲ್ಲ."

ವರ್ನಾ ಚಾಚಿದ ಕೈಯನ್ನು ಕೋಟಿನ ಜೇಬಿಗೆ ಹಾಕಿಕೊಂಡಳು. ಲಾರಿ ತಿರುಗಿ ರಸ್ತೆ ಸೇರುವವರೆಗೆ ಮೆಟ್ಟಿಲ ಮೇಲೆ ನಿಂತಿದ್ದಳು. ಆಮೇಲೆ ನೆಲಮಾಳಿಗೆಗೆ ಇಳಿದಳು. ಕೆಂಪು ಬಿಲ್ಲೆ ಕೊಳವೆಯ ನಡುವಿಗೆ ಬಂದು ನಿಂತಿತ್ತು. ಅದನ್ನು ಗ್ಯಾಲನ್ನಿಗೆ, ಗ್ಯಾಲನ್ನನ್ನು ಡಾಲರಿಗೆ ತಿರುಗಿಸುವುದು ಆಕೆಗೆ ಉಸಿರಾಟದಷ್ಟು ಸಹಜ. ಇಂದು ದರ ಗೊತ್ತಿರಲಿಲ್ಲ. ಮೇಲೆ ಬಂದು ನಲ್ಲಿಗಳನ್ನು ಒಂದೊಂದಾಗಿ ಬಿಗಿ ಮಾಡಿದಳು. ಭಾನುವಾರ ಮರ್ಲ್ ಫೋನ್ ಮಾಡಿ ಹಿಮದ ಬಗ್ಗೆ ಮಾತಾಡಿದ. ಬಾಯ್ಲರ್ ಸದ್ದು ಮಾಡುತ್ತಿದೆಯೇ ಎಂದು ಕೇಳಿದ. ಸ್ವಲ್ಪ ಮಾಡುತ್ತಿದೆ ಎಂದಳು. ಹೌದಾ ಎಂದ. ಎಣ್ಣೆಯ ಮಾತನ್ನು ಇಬ್ಬರೂ ಎತ್ತಲಿಲ್ಲ.

ಮಂಗಳವಾರ ಹಿಂದಿನ ಕೋಣೆಯಲ್ಲಿ ಹೊಸ ಹುಡುಗರು ಕೂತಿದ್ದರು. ವರ್ನಾ ತನ್ನ ಪ್ರಶ್ನೆ ಕೇಳಿದಳು. ಯಾರಿಗೂ ಉತ್ತರ ಗೊತ್ತಿರಲಿಲ್ಲ. ಮುಂದಿನ ಸಾಲಿನ ಕೆಂಗೂದಲಿನವನೊಬ್ಬ ತಿರುಗಿ ಕೇಳಿದ.

"ನಿಮ್ಮನೇದು ಎಷ್ಟಾಯ್ತು ಮೇಡಂ?"

"ಗೊತ್ತಿಲ್ಲ" ಎಂದಳು ವರ್ನಾ.

ಕೋಣೆಯಲ್ಲಿ ನಗು ಎದ್ದಿತು. "ಹಂಗಾದ್ರೆ ನೀವೂ ನಮ್ಮ ಥರಾನೇ" ಎಂದ ಅವನು.

"ಎಣ್ಣೆದು ನನ್ನ ಗಂಡ ನೋಡ್ಕೋತಾನೆ. ಬಂದಾಗ ಕೇಳ್ಬೇಕು."

"ಯಾವಾಗ ಬರ್ತಾರೆ?"

ವರ್ನಾ ಕಾರಿನ ಸಾಲದ ಕರಾರು ಪತ್ರಗಳನ್ನು ಕೈಗೆತ್ತಿಕೊಂಡಳು.

"ಫೆಬ್ರವರಿ ಕೊನೇಲಿ ಟ್ಯಾಂಕು ಖಾಲಿಯಾಗುತ್ತೆ" ಎಂದು ಹೇಳಿ, ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದವನ ಕಡೆಗೆ ನಡೆದಳು.